ಪೊಟೊಮ್ಯಾಕ್ ನದಿ ಹಿಡಿದು ರನ್‌ವೇ 19ಕ್ಕೆ: ಇದನ್ನ ಹಾರಿಸೋದು ಹೇಗೆ?

ಹೊಳೆದಂಡೆ:
ವಾಷಿಂಗ್ಟನ್ನಿನ ರೇಗನ್ ನ್ಯಾಷನಲ್ ನಿಲ್ದಾಣದ ಬಗ್ಗೆ ಗೊತ್ತಿರೋರು ಸ್ವಲ್ಪ ವಿವರವಾಗಿ ಹೇಳಿ. ಗಾಳಿ ದಕ್ಷಿಣದಿಂದ ಬೀಸೋ ದಿನ ವಿಮಾನಗಳು ಉತ್ತರದಿಂದ ನದಿಯ ಮೇಲೇ ಅಂಕುಡೊಂಕಾಗಿ ಬಂದು, ಕೊನೆಗೆ ಬಲಕ್ಕೆ ವಾಲಿ ತಿರುಗಿ, ನೆಟ್ಟಗಾದ ಅರ್ಧ ನಿಮಿಷಕ್ಕೆಲ್ಲ ಚಕ್ರ ಊರ್ತವೆ. ಗ್ರೇವಲಿ ಪಾಯಿಂಟ್ ಪಾರ್ಕಲ್ಲಿ ನಿಂತು ನೋಡಿದ್ರೆ ತಿರುವು ಈಗಷ್ಟೇ ಮುಗೀತು ಅನ್ನೋ ಹಾಗಿರುತ್ತೆ.

ಇದಕ್ಕೆ ರಿವರ್ ವಿಷುಯಲ್ ಅಂತಾರೆ ಅನ್ನೋದು ಗೊತ್ತು. ಗೊತ್ತಿಲ್ಲದ್ದು ಇಷ್ಟು: ಬೇರೆ ಕಡೆ ಇರೋ ಹಾಗೆ ನೇರವಾಗಿ ಐಎಲ್‌ಎಸ್ (ರನ್‌ವೇಗೆ ದಾರಿ, ಇಳಿಜಾರು ಎರಡನ್ನೂ ತೋರಿಸೋ ರೇಡಿಯೋ ಕಿರಣ) ಹಿಡಿದು ಬರೋಕೆ ಇಲ್ಲಿ ಏನಡ್ಡಿ? ರನ್‌ವೇ ಮೂಗಿನ ನೇರಕ್ಕೆ ಇಲ್ಲದಾಗ ಎತ್ತರ ಸರಿಯಾಗಿದೆ ಅಂತ ಯಾವುದರ ಮೇಲೆ ನಿರ್ಧರಿಸ್ತಾರೆ? ತಿರುವನ್ನ ಎಲ್ಲಿ ಶುರು ಮಾಡಬೇಕು ಅನ್ನೋದು ಅಂದಾಜೋ, ಲೆಕ್ಕವೋ?

ಬಲಸೀಟು:
ಮೊದಲು ಅಡ್ಡಿ ಏನು ಅನ್ನೋದು. ರನ್‌ವೇ 19ರ ನಡುಗೆರೆಯನ್ನು ಉತ್ತರಕ್ಕೆ ಎಳೆದು ನೋಡಿ. ಅದು ಲಿಂಕನ್ ಸ್ಮಾರಕಕ್ಕೂ ವಾಷಿಂಗ್ಟನ್ ಸ್ತಂಭಕ್ಕೂ ನಡುವೆ ಹಾದು ನೇರ ಪಿ-56 ಒಳಗೆ ನುಗ್ಗುತ್ತದೆ. ಪಿ-56 ಅಂದರೆ ಶ್ವೇತಭವನ, ನ್ಯಾಷನಲ್ ಮಾಲ್, ಕ್ಯಾಪಿಟಲ್ ಇರುವ ನಿಷೇಧಿತ ವಾಯುಪ್ರದೇಶ. ನೆಲದಿಂದ 18,000 ಅಡಿವರೆಗೆ ಯಾರಿಗೂ ಪ್ರವೇಶವಿಲ್ಲ. ಇನ್ನೊಂದು, ಆ ಸ್ತಂಭದ ಎತ್ತರ 555 ಅಡಿ. ರನ್‌ವೇ ತುದಿಯಿಂದ ಅದು ಎರಡು ನಾಟಿಕಲ್ ಮೈಲಿಯೂ ಇಲ್ಲ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ಅಲ್ಲಿ ಹೆಚ್ಚುಕಡಿಮೆ ಸ್ತಂಭದ ತುದಿಯ ಮಟ್ಟದಲ್ಲೇ ಇರುತ್ತದೆ. ಹಾಗಾಗಿ ದಕ್ಷಿಣದಿಂದ ಬರುವ ರನ್‌ವೇ 1ಕ್ಕೆ ಐಎಲ್‌ಎಸ್ ಇದೆ, ಅದೇ ರನ್‌ವೇಯ ಎದುರು ತುದಿಯಾದ 19ಕ್ಕೆ ನೇರ ದಾರಿಯೇ ಇಲ್ಲ. ನದಿಯ ಮೇಲೆ ಬಂದರೆ ಕೆಳಗೆ ಮನೆಗಳಿಲ್ಲ, ಸದ್ದಿನ ದೂರೂ ಕಡಿಮೆ.

ವಿಷುಯಲ್ ಅಪ್ರೋಚ್ (ಕಣ್ಣಿನಿಂದ ನೋಡಿಕೊಂಡು ಇಳಿಯಲು ಬರುವುದು) ಅಂದ ತಕ್ಷಣ ಪೈಲಟ್ ಐಎಫ್‌ಆರ್ (ಉಪಕರಣ ನೋಡಿ, ನಿಯಂತ್ರಕರ ಅನುಮತಿಯಂತೆ ಹಾರುವ ನಿಯಮ) ಬಿಟ್ಟು ಸ್ವತಂತ್ರವಾಗಿ ಹಾರುತ್ತಾನೆ ಅಂತ ಹಲವರು ತಿಳಿದಿದ್ದಾರೆ. ಅದು ತಪ್ಪು. ಐಎಫ್‌ಆರ್ ಅನುಮತಿ ಹಾಗೇ ಇರುತ್ತದೆ, ಆದರೆ ನಿಲ್ದಾಣವೋ ಮುಂದಿನ ವಿಮಾನವೋ ಕಣ್ಣಿಗೆ ಬಿದ್ದಿರಬೇಕು, ಮೋಡಕ್ಕೆ ತಾಗದೆ ಬರಬೇಕು. ಅಮೆರಿಕದ ಸಾಮಾನ್ಯ ನಿಯಮದಲ್ಲಿ ಮೋಡದ ತಳ 1,000 ಅಡಿ, ಗೋಚರತೆ 3 ಮೈಲಿ ಇದ್ದರೆ ಸಾಕು. ರಿವರ್ ವಿಷುಯಲ್‌ಗೆ ಪ್ರತ್ಯೇಕ ನಕ್ಷೆಯೇ ಇದೆ, ಅದರಲ್ಲಿ ಮೋಡದ ತಳ 3,500 ಅಡಿ ಇರಲೇಬೇಕು. ಈ ವ್ಯತ್ಯಾಸ ಸುಮ್ಮನೆ ಬಂದದ್ದಲ್ಲ: ಹತ್ತು ಮೈಲಿ ದೂರದಲ್ಲಿ, 3,000 ಅಡಿ ಆಸುಪಾಸಿನಲ್ಲೇ ನದಿಯ ತಿರುವುಗಳು ಕಾಣಿಸಬೇಕು.

ಎತ್ತರಕ್ಕೆ ಆಧಾರ ಸೇತುವೆಗಳು. ಉತ್ತರದಿಂದ ಬರುವಾಗ ಸಿಗುವ ಸರದಿ ಇದು: ಅಮೆರಿಕನ್ ಲೀಜನ್, ಚೈನ್, ಕೀ, ರೂಸ್‌ವೆಲ್ಟ್, ಮೆಮೋರಿಯಲ್, ಆಮೇಲೆ 14ನೇ ಬೀದಿಯ ಸೇತುವೆಗಳ ಗುಂಪು. ಒಂದೊಂದರ ಮೇಲೂ ಡಿಎಂಇ (ರೇಡಿಯೋ ಕೇಂದ್ರದಿಂದ ಎಷ್ಟು ದೂರ ಅಂತ ತೋರಿಸುವ ಉಪಕರಣ) ದೂರ ಓದಿ ಎತ್ತರಕ್ಕೆ ಹೋಲಿಸುತ್ತಾರೆ. ಮೂರು ಡಿಗ್ರಿ ಇಳಿಜಾರು ಅಂದರೆ ಒಂದು ನಾಟಿಕಲ್ ಮೈಲಿಗೆ 318 ಅಡಿ. ಬಾಯಿಲೆಕ್ಕಕ್ಕೆ 300 ಅಂತ ಇಟ್ಟುಕೊಳ್ಳಿ. ಇಲ್ಲಿ ನೆಲದ ಎತ್ತರ ಸಮುದ್ರಮಟ್ಟಕ್ಕಿಂತ ಹದಿನೈದು ಅಡಿಯಷ್ಟೇ ಇರೋದರಿಂದ ಲೆಕ್ಕ ಸುಲಭ. ಆರು ಮೈಲಿಯಲ್ಲಿ 1,800, ನಾಲ್ಕರಲ್ಲಿ 1,200, ಎರಡರಲ್ಲಿ 600. ಮೈಲಿ ಎಣಿಸಬೇಕಾದದ್ದು ನದಿಯ ಉದ್ದಕ್ಕೆ, ಕಣ್ಣಿಗೆ ಕಾಣುವ ನೇರ ದೂರಕ್ಕಲ್ಲ. ಡಿಎಂಇ ತೋರಿಸುವುದು ನೇರ ದೂರ. ಹಾಗಾಗಿ ನದಿ ಹೆಚ್ಚು ಬಳುಕುವ ಚೈನ್, ಕೀ ಸೇತುವೆಗಳ ನಡುವೆ ನಿಜವಾಗಿ ಹಾರಬೇಕಾದ ದಾರಿ ಡಿಎಂಇಗಿಂತ ತುಸು ಜಾಸ್ತಿ ಇರುತ್ತದೆ.

ಇಳಿಯುವ ವೇಗಕ್ಕೆ ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿ. 140 ನಾಟ್‌ಗೆ (ಗಂಟೆಗೆ 140 ನಾಟಿಕಲ್ ಮೈಲಿ) ನಿಮಿಷಕ್ಕೆ 700 ಅಡಿ. ತೋರಿಕೆ 1,000 ದಾಟಿತೆಂದರೆ ಎಲ್ಲೋ ಮೇಲೆ ಉಳಿದುಬಿಟ್ಟಿದ್ದನ್ನು ಈಗ ತೀರಿಸಲು ಹೊರಟಿದ್ದಾರೆ ಅಂತ ಅರ್ಥ.

ಈ ಅಪ್ರೋಚಿನಲ್ಲಿ ಕೆಲಸ ಮುಂಚೆಯೇ ಮುಗಿಸಿಕೊಳ್ಳಬೇಕು. ಸಾಮಾನ್ಯ ಐಎಲ್‌ಎಸ್‌ನಲ್ಲಿ ಕೊನೆಯ ಫ್ಲ್ಯಾಪನ್ನು (ನಿಧಾನಕ್ಕೆ ಹಾರಲು ರೆಕ್ಕೆಯಿಂದ ಇಳಿಸುವ ಹಲಗೆ) 1,200 ಅಡಿಗೆ ಇಳಿಸಿದರೂ ನಡೆಯುತ್ತದೆ. ಇಲ್ಲಿ ಆ ಹೊತ್ತಿಗೆ ಎರಡೂ ಕಣ್ಣು ಹೊರಗಿರಬೇಕು. ಚೈನ್ ಸೇತುವೆಯ ಸುತ್ತಮುತ್ತ ಗೇರ್ (ಚಕ್ರಗಳು) ಕೆಳಗೆ, ಕೀ ಸೇತುವೆಗೆ ಮೊದಲೇ ಕೊನೆಯ ಫ್ಲ್ಯಾಪ್, ಲ್ಯಾಂಡಿಂಗ್ ಚೆಕ್‌ಲಿಸ್ಟ್ ಮುಗಿದು ವೇಗ ಸ್ಥಿರವಾಗಿರಬೇಕು. ಕೀ ಸೇತುವೆ ದಾಟಿದ ಮೇಲೆ ಫ್ಲ್ಯಾಪ್ ಲಿವರ್ ಮುಟ್ಟುವ ಪರಿಸ್ಥಿತಿ ಬಂದರೆ ಆ ಅಪ್ರೋಚ್ ತಡವಾಗಿದೆ ಅಂತಲೇ ನನ್ನ ಎಣಿಕೆ.

ತ್ರಿಜ್ಯ:
ತಿರುವಿನ ಪ್ರಶ್ನೆಗೆ ಉತ್ತರ: ಅದು ಪೂರ್ತಿ ಲೆಕ್ಕ. ಕಣ್ಣಳತೆ ಬರೋದು ಲೆಕ್ಕದ ಮೇಲೆ ಕೊನೆಯ ತಿದ್ದುಪಡಿಗೆ.

ನದಿಯ ಕೊನೆಯ ತುಂಡಿನ ದಿಕ್ಕಿಗೂ ರನ್‌ವೇ ದಿಕ್ಕಿಗೂ ಸುಮಾರು 40 ಡಿಗ್ರಿ ವ್ಯತ್ಯಾಸ. ನೆಲದ ವೇಗ 140 ನಾಟ್, ವಾಲಿಕೆ 25 ಡಿಗ್ರಿ ಅಂದುಕೊಳ್ಳಿ. ತಿರುವಿನ ತ್ರಿಜ್ಯ 3,730 ಅಡಿ, ಅಂದರೆ 1,140 ಮೀಟರ್ ಹತ್ತಿರ. ಸೆಕೆಂಡಿಗೆ 3.6 ಡಿಗ್ರಿ ತಿರುಗುತ್ತೆ, 40 ಡಿಗ್ರಿಗೆ ಹನ್ನೊಂದು ಸೆಕೆಂಡು. ಅಷ್ಟರಲ್ಲಿ 130 ಅಡಿ ಇಳಿದಿರುತ್ತೆ. ಸುಮಾರು 500 ಅಡಿಯಲ್ಲಿ ಶುರು ಮಾಡಿದ್ರೆ 370ಕ್ಕೆ ರೆಕ್ಕೆ ಸಮ ಆಗುತ್ತೆ. ಸುತ್ತಿ ಬಂದು ಇಳಿಯೋ ಅಪ್ರೋಚುಗಳಲ್ಲಿ 300 ಅಡಿಗೆ ರೆಕ್ಕೆ ಸಮ ಇರಬೇಕು ಅನ್ನೋದು ಬಹುಪಾಲು ಕಂಪನಿಗಳು ಒಪ್ಪಿಕೊಂಡಿರೋ ಗೆರೆ. ಅಂದ್ರೆ ಕೈಯಲ್ಲಿರೋ ಅವಕಾಶ 70 ಅಡಿ, ಆರು ಸೆಕೆಂಡು. ಹೊಳೆದಂಡೆ ಅವರೇ, ನೀವು ಪಾರ್ಕಿನಿಂದ ನೋಡೋ ‘ಈಗಷ್ಟೇ ಮುಗೀತು’ ಅನ್ನೋದು ಇದೇ.

ಎಲ್ಲಿ ಶುರು? ನದಿಯ ಗೆರೆಯೂ ರನ್‌ವೇ ಗೆರೆಯೂ ಕೂಡೋ ಜಾಗಕ್ಕಿಂತ ಸುಮಾರು 415 ಮೀಟರ್ ಮೊದಲು. ವಿಮಾನ ಸಮದಿಂದ 25 ಡಿಗ್ರಿಗೆ ವಾಲೋಕೆ ಮೂರು ಸೆಕೆಂಡ್ ಬೇಕಲ್ಲ, ಅದಕ್ಕೆ ಇನ್ನೂ ನೂರು ಮೀಟರ್ ಮುಂಚೆ ಕೈ ಆಡಿಸಬೇಕು. ಒಟ್ಟು ಅರ್ಧ ಕಿಲೋಮೀಟರ್ ಅಂತ ಇಟ್ಕೊಳ್ಳಿ. ನೆಲದ ಮೇಲೆ ನೋಡಿದ್ರೆ 14ನೇ ಬೀದಿಯ ಸೇತುವೆಗಳು ಹತ್ತಿರ ಬರ್ತಿರೋ ಹಾಗೇ ವಾಲಿಕೆ ಶುರುವಾಗಿರಬೇಕು. ಸೇತುವೆ ದಾಟಿ ತಿರುಗೋಣ ಅಂದ್ರೆ ಆಗಲೇ ತಡ.

ತಡದ ಬೆಲೆ ಎಷ್ಟು ಅನ್ನೋದನ್ನ ಸಂಖ್ಯೆಯಲ್ಲಿ ನೋಡಿ. 140 ನಾಟ್ ಅಂದ್ರೆ ಸೆಕೆಂಡಿಗೆ 72 ಮೀಟರ್. ಒಂದು ಸೆಕೆಂಡ್ ತಡವಾದ್ರೆ ತಿರುವು ಮುಗಿದಾಗ ನಡುಗೆರೆಯಿಂದ 46 ಮೀಟರ್ ಎಡಕ್ಕಿರ್ತೀರಿ. ರನ್‌ವೇ 19ರ ಅಗಲ 150 ಅಡಿ, ಅದೂ 46 ಮೀಟರೇ. ಒಂದು ಸೆಕೆಂಡಿಗೆ ಒಂದು ಇಡೀ ರನ್‌ವೇ ಅಗಲ!

ಗಾಳಿ ಇದನ್ನ ಇನ್ನಷ್ಟು ಬಿಗಿ ಮಾಡುತ್ತೆ. ನೈಋತ್ಯದ ಗಾಳಿ ನದಿಯ ಮೇಲಿದ್ದಾಗ ಬಲಗಡೆಯಿಂದ ಹೊಡೆದು ವಿಮಾನವನ್ನ ಎಡಕ್ಕೆ, ಅಂದ್ರೆ ಪಿ-56 ಕಡೆಗೇ ದೂಡುತ್ತೆ. ಮೂಗನ್ನ ಬಲಕ್ಕೆ ಇಟ್ಕೊಂಡು ನದಿಯ ವರ್ಜೀನಿಯಾ ದಡದ ಕಡೆಗೇ ಇರಬೇಕು. ತುಂಬಾ ಬಲಕ್ಕೆ ಸರಿದ್ರೆ ಕೀ ಸೇತುವೆ ಹತ್ತಿರ ರಾಸ್ಲಿನ್‌ನ ಎತ್ತರದ ಕಟ್ಟಡಗಳಿವೆ. ಇನ್ನು ಗಾಳಿ ಪೂರಾ ಪಶ್ಚಿಮದಿಂದ ಬೀಸಿದ್ರೆ ನದಿಯ ಕೊನೆಯ ತುಂಡಲ್ಲಿ ಅದು ಹಿಂಗಾಳಿ. ನೆಲದ ವೇಗ 140ರ ಬದಲು 155 ಆದ್ರೆ ಅದೇ 25 ಡಿಗ್ರಿ ವಾಲಿಕೆಗೆ ತ್ರಿಜ್ಯ 1,395 ಮೀಟರ್. ಎಂದಿನ ಜಾಗದಲ್ಲೇ ತಿರುವು ಶುರು ಮಾಡಿದ್ರೆ 60 ಮೀಟರ್ ಆಚೆ ಹೋಗಿ ನಿಲ್ತೀರಿ. ಹಾಗಾಗಿ ಬ್ರೀಫಿಂಗಿನಲ್ಲೇ ‘ಇವತ್ತು ಗಾಳಿ ಇಂಥ ಕಡೆಯಿಂದ, ತಿರುವು ಇಷ್ಟು ಮುಂಚೆ’ ಅಂತ ಇಬ್ಬರೂ ಮಾತಾಡ್ಕೊಂಡಿರಬೇಕು.

ಆಚೆ ಹೋದದ್ದನ್ನ ಸರಿ ಮಾಡೋಕೆ ವಾಲಿಕೆ ಹೆಚ್ಚಿಸೋದೇ ದೊಡ್ಡ ಅಪಾಯ. ಮಟ್ಟವಾದ ತಿರುವಲ್ಲಿ 30 ಡಿಗ್ರಿಗೆ ಸ್ಟಾಲ್ ವೇಗ (ಇದಕ್ಕಿಂತ ಕಡಿಮೆಯಾದ್ರೆ ರೆಕ್ಕೆ ವಿಮಾನವನ್ನ ಎತ್ತಿ ಹಿಡಿಯಲ್ಲ) 7 ಶೇಕಡಾ ಏರುತ್ತೆ, 45ಕ್ಕೆ 19 ಶೇಕಡಾ. ಜೊತೆಗೆ ವಾಲಿದಾಗ ರೆಕ್ಕೆಯ ಎತ್ತುಬಲ ಓರೆಯಾಗಿ ವಿಮಾನ ಜಾಸ್ತಿ ಇಳಿಯುತ್ತೆ, ಆಗ ಮೂಗು ಎತ್ತಬೇಕು, ವೇಗ ಬೀಳುತ್ತೆ. 400 ಅಡಿಯಲ್ಲಿ ಈ ಸರಪಳಿ ಬಿಡಿಸ್ತಾ ಕೂರೋಕೆ ಸಮಯ ಇಲ್ಲ. 30 ಡಿಗ್ರಿ ವಾಲಿಕೆಯಲ್ಲಿ ನಡುಗೆರೆ ಹಿಡಿಯೋಕೆ ಆಗದಿದ್ರೆ ಗೋ-ಅರೌಂಡ್, ಅಂದ್ರೆ ಇಳಿಯೋದು ಬಿಟ್ಟು ಮತ್ತೆ ಮೇಲೇರೋದು. ಅಷ್ಟೇ.

ಹೊಳೆದಂಡೆ:
ಇಬ್ಬರಿಗೂ ತುಂಬಾ ಧನ್ಯವಾದ. ಒಂದು ಸೆಕೆಂಡಿಗೆ ಒಂದು ರನ್‌ವೇ ಅಗಲ ಅನ್ನೋದು ತಲೇಲಿ ಕೂತುಬಿಡ್ತು. ಇನ್ನೆರಡು ಕೇಳ್ತೀನಿ. ಆಟೋಪೈಲಟ್, ಎಫ್‌ಎಂಎಸ್ (ದಾರಿ ಲೆಕ್ಕ ಹಾಕೋ ಕಂಪ್ಯೂಟರ್) ಇವನ್ನೆಲ್ಲ ಇಲ್ಲಿ ಬಳಸ್ತಾರಾ? ರಾತ್ರಿ ಹೊತ್ತು ನದಿ ಕಪ್ಪಗಿರುತ್ತಲ್ಲ, ಆಗ?

ಎರಡುಬಿಳಿ_ಎರಡುಕೆಂಪು:
ಬಳಸುತ್ತಾರೆ, ಬಳಸಲೇಬೇಕು. ದಾರಿ ಕಣ್ಣಿನದ್ದಾದರೂ ಪರದೆಯ ಮೇಲೆ ಅದನ್ನು ಅಳೆದು ನೋಡಲು ಏನಾದರೂ ಇರಬೇಕು. ಎಫ್‌ಎಂಎಸ್‌ನಲ್ಲಿ ರನ್‌ವೇ 19ರ ನಡುಗೆರೆಯನ್ನು ಎಳೆದಿಟ್ಟುಕೊಳ್ಳುತ್ತಾರೆ, ವಿಒಆರ್ (ದಿಕ್ಕು ತೋರಿಸುವ ರೇಡಿಯೋ ಕೇಂದ್ರ), ಡಿಎಂಇ ಟ್ಯೂನ್ ಮಾಡಿರುತ್ತಾರೆ. ನದಿಯ ಮೇಲ್ಭಾಗದ ತಿರುವುಗಳನ್ನು ಆಟೋಪೈಲಟ್‌ನಲ್ಲಿ ಹೆಡಿಂಗ್ ತಿರುಗಿಸುತ್ತಾ ಬಂದರೂ ತೊಂದರೆಯಿಲ್ಲ. ಕೊನೆಯ ತಿರುವಿಗೆ ಬಹಳ ಮೊದಲೇ ಅದನ್ನು ಬಿಡಿಸಿ ಕೈಯಲ್ಲಿ ಹಾರಿಸಬೇಕು. ತಿರುವಿಗೆ ಹತ್ತು ಸೆಕೆಂಡ್ ಇರುವಾಗ ಬಿಡಿಸಿದರೆ ವಿಮಾನದ ಭಾರ, ಟ್ರಿಮ್ ಕೈಗೆ ಒಗ್ಗಿರುವುದಿಲ್ಲ.

ಏರ್‌ಬಸ್‌ನಲ್ಲಿ ಎರಡೂ ಫ್ಲೈಟ್ ಡೈರೆಕ್ಟರ್ (ಎತ್ತ ಹಾರಬೇಕು ಅಂತ ಪರದೆಯ ಮೇಲೆ ಕಡ್ಡಿಗಳಲ್ಲಿ ಸೂಚಿಸುವ ವ್ಯವಸ್ಥೆ) ಆಫ್ ಮಾಡಿ ಹಾರುದಾರಿ ತೋರಿಸುವ ಹಕ್ಕಿ ಗುರುತನ್ನು ಹಾಕಿಕೊಳ್ಳುತ್ತಾರೆ. ಎರಡನ್ನೂ ಆಫ್ ಮಾಡಿದರೆ ಆಟೋಥ್ರಸ್ಟ್ (ಎಂಜಿನ್ ಬಲವನ್ನು ತಾನೇ ಹೊಂದಿಸುವ ವ್ಯವಸ್ಥೆ) ವೇಗ ಕಾಯುವ ಮೋಡ್‌ಗೆ ಬರುತ್ತದೆ. ಒಂದನ್ನು ಮರೆತು ಆನ್ ಬಿಟ್ಟರೆ ಹಾಗಾಗುವುದಿಲ್ಲ, ಇಳಿಯುವಾಗ ಥ್ರಸ್ಟ್ ಐಡಲ್‌ನಲ್ಲೇ (ಕನಿಷ್ಠ ಬಲದಲ್ಲೇ) ಕೂರುವ ಸಾಧ್ಯತೆ ಇದೆ. ‘ಎರಡೂ ಆಫ್’ ಅಂತ ಬಾಯಿಬಿಟ್ಟು ಹೇಳಿ ಪರದೆಯ ಮೇಲಿನ ಸಾಲಿನಲ್ಲಿ ಓದಿ ಖಾತ್ರಿ ಮಾಡಿಕೊಳ್ಳಬೇಕು.

ಬೋಯಿಂಗ್‌ನಲ್ಲಿ ಇದರ ಪಾಠ 2013ರ ಜುಲೈ 6ರದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ 214, ಬೋಯಿಂಗ್ 777. ರನ್‌ವೇ 28ಎಲ್‌ನ ಗ್ಲೈಡ್‌ಸ್ಲೋಪ್ (ಐಎಲ್‌ಎಸ್‌ನಲ್ಲಿ ಇಳಿಜಾರು ತೋರಿಸುವ ಕಿರಣ) ಕೆಲಸ ಮಾಡುತ್ತಿರಲಿಲ್ಲ, ಆಕಾಶ ಶುಭ್ರವಾಗಿತ್ತು, ವಿಷುಯಲ್ ಅಪ್ರೋಚ್. ಎತ್ತರ ಹೆಚ್ಚಿದ್ದರಿಂದ ಬೇಗ ಇಳಿಸಲು ಎಫ್‌ಎಲ್‌ಸಿಎಚ್ ಮೋಡ್ (ನಿಗದಿ ಮಾಡಿದ ಎತ್ತರಕ್ಕೆ ವಿಮಾನವನ್ನು ಒಯ್ಯುವುದು) ಒತ್ತಿದರು. ಎತ್ತರ ನಿಗದಿ ಮಾಡುವ ಕಿಟಕಿಯಲ್ಲಿ ಗೋ-ಅರೌಂಡ್ ಎತ್ತರ 3,000 ಅಡಿ ಇದ್ದುದರಿಂದ ವಿಮಾನ ಏರಲು ಹೊರಟಿತು. ಪೈಲಟ್ ಆಟೋಪೈಲಟ್ ಬಿಡಿಸಿ ಲಿವರ್‌ಗಳನ್ನು ಕೈಯಿಂದ ಐಡಲ್‌ಗೆ ಎಳೆದರು. ಆಟೋಥ್ರಾಟಲ್ ಹೋಲ್ಡ್‌ಗೆ ಹೋಯಿತು, ಅಂದರೆ ವೇಗ ಕಾಯುವುದನ್ನು ನಿಲ್ಲಿಸಿತು. ಕಾಯುತ್ತಿದೆ ಅಂತಲೇ ಎಲ್ಲರೂ ಭಾವಿಸಿದ್ದರು. ಇರಬೇಕಾದ ವೇಗ 137 ನಾಟ್, ಕೊನೆಗೆ 103ಕ್ಕೆ ಬಿತ್ತು. ಬಾಲ ಕಡಲತಡಿಯ ಗೋಡೆಗೆ ಬಡಿಯಿತು, ಮೂವರು ಸತ್ತರು. ಹೊರಗೆ ನೋಡುವವನ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ವೇಗದ ಪಟ್ಟಿ ಬಿಟ್ಟು ಕಣ್ಣು ತೆಗೆಯಬಾರದು ಅನ್ನುವುದು ಇದಕ್ಕೇ.

ರಾತ್ರಿಯ ವಿಷಯ. ಕತ್ತಲ ನೀರಿನ ಮೇಲೆ ಬರುವಾಗ ಬರೀ ರನ್‌ವೇ ದೀಪಗಳೇ ಕಾಣುತ್ತಿದ್ದರೆ ಕಣ್ಣು ‘ನಾನು ಎತ್ತರದಲ್ಲಿದ್ದೇನೆ’ ಅಂತ ನಂಬಿಸುತ್ತದೆ, ಕೈ ತಾನಾಗೇ ಕೆಳಗಿಳಿಸುತ್ತದೆ. ಪೊಟೊಮ್ಯಾಕ್‌ನಲ್ಲಿ ಎರಡೂ ದಡದ ನಗರದ ಬೆಳಕು, ಸೇತುವೆಗಳ ದೀಪ ಇರುವುದರಿಂದ ಅದು ಅಷ್ಟು ತೀವ್ರವಲ್ಲ. ಆದರೆ ಅದೇ ಬೆಳಕಿನ ರಾಶಿಯಲ್ಲಿ ರನ್‌ವೇ ದೀಪಗಳು ಬೆರೆತುಹೋಗುತ್ತವೆ.

ಪಾಪಿ ದೀಪಗಳನ್ನು (ಇಳಿಜಾರು ಸರಿಯಿದೆಯೇ ಅಂತ ಬಣ್ಣದಿಂದ ತೋರಿಸುವ, ರನ್‌ವೇ ಪಕ್ಕದ ನಾಲ್ಕು ದೀಪ) ಎಲ್ಲಿಂದ ನಂಬಬಹುದು ಅನ್ನುವುದೂ ಮುಖ್ಯ. ಎರಡು ಬಿಳಿ, ಎರಡು ಕೆಂಪು ಇದ್ದರೆ ಸರಿಯಾದ ಇಳಿಜಾರು. ಆದರೆ ಅಡೆತಡೆಗಳ ಮೇಲೆ ಸುರಕ್ಷಿತ ಅಂತರದ ಭರವಸೆ ನಡುಗೆರೆಯ ಎರಡೂ ಬದಿಗೆ 10 ಡಿಗ್ರಿ ಒಳಗೆ ಮಾತ್ರ. ನದಿಯ ಮೇಲೆ ಓರೆಯಾಗಿ ಬರುವಾಗ ಅದು ಕಣ್ಣಿಗೆ ಬಿದ್ದರೂ ಅದನ್ನೇ ಹಿಡಿದು ಇಳಿಯಬಾರದು. ಅಲ್ಲಿವರೆಗೆ ಬಲಸೀಟು ಅವರು ಹೇಳಿದ ದೂರ-ಎತ್ತರದ ಲೆಕ್ಕವೇ ಗತಿ. ತಿರುವು ಮುಗಿಯುತ್ತಾ ಬಂದಾಗ ಪಾಪಿ ನೋಡಿದರೆ ಎರಡು-ಎರಡು ಕಾಣಬೇಕು. ನಾಲ್ಕೂ ಕೆಂಪು ಕಂಡರೆ 300 ಅಡಿಯಲ್ಲಿ ಅದನ್ನು ತಿದ್ದುತ್ತಾ ಕೂರುವುದು ಬೇಡ, ಮೇಲೇಳಬೇಕು.

ರಾತ್ರಿ ಇನ್ನೊಂದು ಅಪಾಯ ತಪ್ಪು ಪಟ್ಟೆಗೆ ಸಾಲು ಹಿಡಿಯುವುದು. 2017ರ ಜುಲೈ 7ರಂದು ಏರ್ ಕೆನಡಾ 759, ಮತ್ತೆ ಸ್ಯಾನ್ ಫ್ರಾನ್ಸಿಸ್ಕೋ. ಇಳಿಯಬೇಕಿದ್ದದ್ದು 28ಆರ್ (ಬಲದ ರನ್‌ವೇ). ಪಕ್ಕದ 28ಎಲ್ (ಎಡದ್ದು) ಮುಚ್ಚಿತ್ತು, ದೀಪ ಆರಿತ್ತು. ಸದಾ ಎರಡು ರನ್‌ವೇ ಕಾಣುವ ಕಡೆ ಒಂದೇ ಕಂಡಾಗ ಅದನ್ನು 28ಎಲ್ ಅಂತಲೂ, ಅದರ ಬಲಕ್ಕಿದ್ದ ಟ್ಯಾಕ್ಸಿವೇ (ವಿಮಾನಗಳು ನೆಲದ ಮೇಲೆ ಓಡಾಡುವ ದಾರಿ) ಸಿ ಯನ್ನು 28ಆರ್ ಅಂತಲೂ ತಿಳಿದುಕೊಂಡರು. ಟ್ಯಾಕ್ಸಿವೇ ಮೇಲೆ ನಾಲ್ಕು ವಿಮಾನಗಳು ಸಾಲಾಗಿ ನಿಂತಿದ್ದವು. 100 ಅಡಿಯಲ್ಲಿ ಮೊದಲ ವಿಮಾನದ ಮೇಲೆ ಹಾದು, 60 ಅಡಿವರೆಗೆ ಇಳಿದು, ಗೋ-ಅರೌಂಡ್ ಮಾಡಿದರು. ಆ ಅಪ್ರೋಚಿಗೆ ಐಎಲ್‌ಎಸ್ ಕಂಪನಾಂಕವನ್ನು ಕೈಯಿಂದ ಹಾಕಬೇಕಿತ್ತು, ಹಾಕಿರಲಿಲ್ಲ. ಹಾಕಿದ್ದರೆ ನಡುಗೆರೆ ತೋರಿಸುವ ಲೋಕಲೈಸರ್ ಸೂಜಿ ಪಕ್ಕಕ್ಕೆ ಸರಿದು ನಿಂತಿರುತ್ತಿತ್ತು. 28ಎಲ್ ಮುಚ್ಚಿದೆ ಅನ್ನುವುದು ನೋಟಾಮ್‌ನಲ್ಲಿ (ಪೈಲಟ್‌ಗಳಿಗೆ ಕೊಡುವ ಸೂಚನಾಪತ್ರ) ಇದ್ದೇ ಇತ್ತು.

ಬಲಸೀಟು:
ಮೇಲಿನದಕ್ಕೆ ಎರಡು ಸೇರಿಸುತ್ತೇನೆ.

ಒಂದು, ಯಾರು ಹಾರಿಸಬೇಕು ಅನ್ನುವುದು. ರಿವರ್ ವಿಷುಯಲ್‌ನ ಕೊನೆಯ ತಿರುವು ಬಲಕ್ಕೆ. ಬಲ ಸೀಟಿನಲ್ಲಿರುವ ಫಸ್ಟ್ ಆಫೀಸರ್‌ಗೆ ರನ್‌ವೇ ತನ್ನ ಕಿಟಕಿಯಲ್ಲೇ ಸಿಗುತ್ತದೆ, ಎಡ ಸೀಟಿನ ಕ್ಯಾಪ್ಟನ್ ಇಡೀ ಕಾಕ್‌ಪಿಟ್ ದಾಟಿ ನೋಡಬೇಕು. ಕ್ಯಾಪ್ಟನ್ ಹಾರಿಸುತ್ತಿದ್ದರೆ ತಿರುವಿನ ಶುರು ಹೇಳುವುದು ಬಲಗಡೆಯವರ ಕೆಲಸ ಅಂತ ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ. ನ್ಯೂಯಾರ್ಕ್ ಲಗಾರ್ಡಿಯಾದ ಎಕ್ಸ್‌ಪ್ರೆಸ್‌ವೇ ವಿಷುಯಲ್‌ನಲ್ಲಿ ಇದು ತಿರುವುಮುರುವು: ಲಾಂಗ್ ಐಲೆಂಡ್ ಎಕ್ಸ್‌ಪ್ರೆಸ್‌ವೇ ಹೆದ್ದಾರಿಯ ಗುಂಟ ಬಂದು ಸಿಟಿ ಫೀಲ್ಡ್ ಕ್ರೀಡಾಂಗಣದ ಸುತ್ತ ಎಡಕ್ಕೆ ತಿರುಗಿ ರನ್‌ವೇ 31. ಅಲ್ಲಿ ನೋಟ ಸಿಗುವುದು ಕ್ಯಾಪ್ಟನ್‌ಗೆ.

ಎರಡು, ಬೇರೆ ವಿಮಾನಗಳು. ‘ಮುಂದಿನ ವಿಮಾನ ಕಾಣುತ್ತಿದೆ’ ಅಂತ ಪೈಲಟ್ ಹೇಳಿ ಅದನ್ನು ಹಿಂಬಾಲಿಸಲು ಒಪ್ಪಿದ ಕ್ಷಣದಿಂದ ಅಂತರ ಕಾಯುವುದೂ, ಅದರ ರೆಕ್ಕೆಯ ಸುಳಿಗಾಳಿಯಿಂದ ತಪ್ಪಿಸಿಕೊಳ್ಳುವುದೂ ಪೈಲಟ್ ಜವಾಬ್ದಾರಿ. ಸರಿಯಾಗಿ ಕಾಣದೆ ಆ ಮಾತು ಹೇಳಬಾರದು. 2025ರ ಜನವರಿ 29ರ ರಾತ್ರಿ ಇದೇ ನಿಲ್ದಾಣದಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರನ್‌ವೇ 1ಕ್ಕೆ ಬರುತ್ತಿದ್ದ ಸಿಆರ್‌ಜೆ-700 ವಿಮಾನಕ್ಕೆ ಸುತ್ತಿ ಬಂದು ರನ್‌ವೇ 33ರಲ್ಲಿ ಇಳಿಯಲು ಹೇಳಲಾಯಿತು, ಅವರು ಒಪ್ಪಿದರು. ನದಿಯ ಗುಂಟ ಬರುತ್ತಿದ್ದ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ನವರು ವಿಮಾನ ಕಾಣುತ್ತಿದೆ ಎಂದು ಹೇಳಿ ಕಣ್ಣಿನಿಂದಲೇ ಅಂತರ ಕಾಯುವ ಅನುಮತಿ ಪಡೆದಿದ್ದರು. ಸುಮಾರು 300 ಅಡಿಯಲ್ಲಿ ಡಿಕ್ಕಿ, 67 ಜನರ ಸಾವು. ಸಿಆರ್‌ಜೆಯ ಟಿಕಾಸ್ (ಡಿಕ್ಕಿ ತಪ್ಪಿಸಲು ಎಚ್ಚರಿಸುವ ಉಪಕರಣ) ‘ಟ್ರಾಫಿಕ್’ ಅಂತ ಎಚ್ಚರಿಸಿತ್ತು. ಆದರೆ ಏರು, ಇಳಿ ಅಂತ ಆದೇಶ ಕೊಡುವ ಭಾಗ ನೆಲದಿಂದ ಸುಮಾರು 1,000 ಅಡಿ ಎತ್ತರಕ್ಕಿಂತ ಕೆಳಗಿದ್ದಾಗ ವಿನ್ಯಾಸದಲ್ಲೇ ನಿಂತಿರುತ್ತದೆ. ರಿವರ್ ವಿಷುಯಲ್‌ನ ಕೊನೆಯ ಮೂರು ಮೈಲಿಯೂ ಅದೇ ವಲಯ. ನಗರದ ದೀಪಗಳ ಮುಂದೆ ಒಂದು ವಿಮಾನದ ದೀಪ ಇನ್ನೊಂದರದ್ದು ಅನ್ನಿಸುವುದು ಬಹಳ ಸುಲಭ.

ಶಂಕರಪುರ_ರೇಖೆ:
ತ್ರಿಜ್ಯ ಅವರ ಲೆಕ್ಕ ನಮ್ಮ ಕಡೆ ಬಳಸುವವರು ಒಂದು ತಿದ್ದುಪಡಿ ಮಾಡ್ಕೋಬೇಕು. ವಾಷಿಂಗ್ಟನ್ ಸಮುದ್ರಮಟ್ಟದಲ್ಲಿದೆ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಸುಮಾರು 3,000 ಅಡಿ ಎತ್ತರದಲ್ಲಿದೆ. 30 ಡಿಗ್ರಿ ಸೆಲ್ಸಿಯಸ್ ಮಧ್ಯಾಹ್ನ, ವೇಗಮಾಪಕ 140 ತೋರಿಸ್ತಿದ್ರೆ ನಿಜವಾದ ವೇಗ 151ರ ಹತ್ತಿರ. ಗಾಳಿಯೇ ಇಲ್ಲದಿದ್ರೂ 25 ಡಿಗ್ರಿ ವಾಲಿಕೆಯ ತ್ರಿಜ್ಯ 1,140ರಿಂದ 1,320 ಮೀಟರಿಗೆ ಹೋಗುತ್ತೆ, ಇಳಿಯೋ ವೇಗ 700ರ ಬದಲು 755. ಆಲ್ಟಿಮೀಟರ್‌ನಲ್ಲಿ ಮೂರು ಮೈಲಿಗೆ 900 ಅಲ್ಲ, 3,900 ಕಾಣಬೇಕು. ಕರಾವಳಿಯ ನಿಲ್ದಾಣಗಳಲ್ಲಿ ಹಾರಿ ಅಭ್ಯಾಸವಾದ ಕೈ ಇಲ್ಲಿ ಬೇಸ್‌ನಿಂದ (ರನ್‌ವೇಗೆ ಅಡ್ಡವಾದ ದಾರಿ) ಫೈನಲ್‌ಗೆ (ರನ್‌ವೇ ನೇರದ ಕೊನೆಯ ದಾರಿ) ತಿರುಗುವಾಗ ಆಚೆ ಹೋಗೋದು ಈ ಕಾರಣಕ್ಕೇ. ಇಲ್ಲೂ ಎರಡು ಸಮಾನಾಂತರ ರನ್‌ವೇಗಳಿವೆ, ಹಾಗಾಗಿ ಆಚೆ ಹೋಗೋದು ಅಂದ್ರೆ ಪಕ್ಕದ ರನ್‌ವೇ ದಾರಿಯ ಕಡೆಗೆ ಸರಿಯೋದು. ವಿಷುಯಲ್ ಕೊಟ್ಟರೂ ಇಳಿಯೋ ರನ್‌ವೇಯ ಐಎಲ್‌ಎಸ್ ಟ್ಯೂನ್ ಆಗಿರಲಿ.

ಹೊಳೆದಂಡೆ:
ಕೊನೆಯದೊಂದು. ತಿರುವಿನ ಮಧ್ಯದಲ್ಲೇ ಗೋ-ಅರೌಂಡ್ ಅಂದ್ರೆ ಯಾವ ಕಡೆ ಹೋಗ್ತಾರೆ? ನೇರ ಹೋದ್ರೆ ಏನಾಗುತ್ತೆ?

ಬಲಸೀಟು:
ವಿಷುಯಲ್ ಅಪ್ರೋಚಿಗೆ ಐಎಲ್‌ಎಸ್‌ಗೆ ಇರುವಂತೆ ಮುದ್ರಿತ ಮಿಸ್ಡ್ ಅಪ್ರೋಚ್ (ಇಳಿಯದೆ ಮೇಲೇರುವ) ದಾರಿ ಇರುವುದಿಲ್ಲ, ಟವರ್ ಹೇಳಿದ ಹಾಗೆ ಹೋಗಬೇಕು. ಟವರ್ ಮಾತಾಡಲು ಮೂರು ನಾಲ್ಕು ಸೆಕೆಂಡ್ ಬೇಕು, ಅಷ್ಟರಲ್ಲಿ ಏನು ಮಾಡಬೇಕು ಅನ್ನುವುದು ಬ್ರೀಫಿಂಗಿನಲ್ಲೇ ತೀರ್ಮಾನವಾಗಿರಬೇಕು. ಎಡಕ್ಕೆ ತಿರುಗುವ ಮಾತೇ ಇಲ್ಲ, ಅಲ್ಲಿರುವುದು ಪಿ-56. ತಿರುವಿನ ಮಧ್ಯದಲ್ಲಿ ರೆಕ್ಕೆ ಸಮ ಮಾಡಿ ನೇರ ಹೋದರೆ ರನ್‌ವೇ ಗೆರೆಯನ್ನು ಅಡ್ಡ ದಾಟಿ ನದಿಯ ಪೂರ್ವ ದಡದ ಮೇಲೆ ಹೋಗುತ್ತೀರಿ. ಹಾಗಾಗಿ ಥ್ರಸ್ಟ್ ಪೂರ್ತಿ ಕೊಟ್ಟು, ಮೂಗು ಎತ್ತಿ, ವಾಲಿಕೆಯನ್ನು 15 ಡಿಗ್ರಿಗೆ ತಗ್ಗಿಸಿಕೊಂಡು ಬಲ ತಿರುವನ್ನೇ ಮುಗಿಸಿ ರನ್‌ವೇ ದಿಕ್ಕಿಗೆ ಬರುವುದು ಸರಿ. ರನ್‌ವೇ ಆಚೆ ದಕ್ಷಿಣಕ್ಕೂ ನದಿಯೇ ಇದೆ, ಎದುರಿಗೆ ಕಟ್ಟಡಗಳಿಲ್ಲ. ಏರ್‌ಬಸ್‌ನಲ್ಲಿ ಟೋಗಾಗೆ (ಪೂರ್ತಿ ಥ್ರಸ್ಟ್‌ನ ಸ್ಥಾನ) ಲಿವರ್ ದೂಡಿದೊಡನೆ ಆಫ್ ಮಾಡಿದ್ದ ಫ್ಲೈಟ್ ಡೈರೆಕ್ಟರ್ ತಾನಾಗೇ ಮರಳಿ ಬರುತ್ತದೆ. ತಿರುವಿನ ನಡುವೆ ಅದರ ಕಡ್ಡಿಗಳು ಆ ಕ್ಷಣದ ದಿಕ್ಕನ್ನೇ ಹಿಡಿಯಲು ಹೇಳಬಹುದು. ಅವುಗಳ ಹಿಂದೆ ಹೋಗದೆ ಮೊದಲು ರನ್‌ವೇ ದಿಕ್ಕು ಹಿಡಿದು, ಆಮೇಲೆ ಹೆಡಿಂಗ್ ಒತ್ತಬೇಕು.